ಆಲೆಮನೆಯ ಗಾಣ ಮತ್ತು ಎರಕದ ಅಚ್ಚು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಲೆಮನೆಗಳಲ್ಲಿ ಮೊದಲು ಕಬ್ಬು ಅರೆಯುತ್ತಿದ್ದುದು ಮರದ ಗಾಣ. ಕೋಣಗಳು ಸುತ್ತು ಹಾಕಿದಂತೆ ಉರುಳೆಗಳು ತಿರುಗಿ ಕಬ್ಬಿನ ಹಾಲು ಸುರಿಯುತ್ತಿತ್ತು. ಅದು ಕೊಪ್ಪರಿಗೆಯಲ್ಲಿ ಕುದಿದು ಜೋನಿಬೆಲ್ಲವಾಗುತ್ತಿತ್ತು. ಮರದ ಉರುಳೆ ಸವೆದು ಸಡಿಲವಾದಾಗ ಹಾಲಿನ ಒಂದಷ್ಟು ಪಾಲು ಸಿಪ್ಪೆಯಲ್ಲೇ ಉಳಿಯುತ್ತಿತ್ತು.

1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಕಬ್ಬಿಣದ ಉರುಳೆಗಳ ಗಾಣವನ್ನು ರೂಪಿಸಿದರು. ಮುಂದೆ ಬೀಡುಕಬ್ಬಿಣದ ಗಾಣಗಳು ದೇಶದ ಅನೇಕ ಕಡೆ ಹರಡಿದವು. ಬೆಳಗಾವಿಯಲ್ಲಿ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು; ಅಲ್ಲಿ ನೇಗಿಲಿನ ಜೊತೆ ಕಬ್ಬಿನ ಗಾಣಗಳೂ ತಯಾರಾದವು.

ಇಂಥ ಗಾಣದ ಉರುಳೆ ಹುಟ್ಟುವುದು ಮರಳಿನ ಅಚ್ಚಿನಲ್ಲಿ. ಜೇಡಿ ಬೆರೆತ ತೇವದ ಮರಳನ್ನು ಎರಡು ಪೆಟ್ಟಿಗೆಗಳಲ್ಲಿ ಮಾದರಿಯ ಸುತ್ತ ಬಡಿದು ಗಟ್ಟಿ ಮಾಡಿ, ಮಾದರಿ ತೆಗೆದು, ಮೇಲಿನದನ್ನು ಕೆಳಗಿನದರ ಮೇಲೆ ಕೂರಿಸುತ್ತಾರೆ. ಪಿನ್ನುಗಳು ಎರಡನ್ನೂ ಅಡ್ಡಕ್ಕೆ ಸರಿಯದಂತೆ ಹಿಡಿಯುತ್ತವೆ. ಆದರೆ ಮೇಲಕ್ಕೆ ಏಳುವುದನ್ನು ತಡೆಯಲು ಅವು ಸಾಲವು.

ಅಚ್ಚಿಗೆ ಸುರಿದ ದ್ರವ ಕಬ್ಬಿಣ ಮೇಲಿನ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತುತ್ತದೆ; ಅದು ನೀರಿಗಿಂತ ಸುಮಾರು 7 ಪಟ್ಟು ಭಾರ. ಸುರಿಯುವ ಬಾಯಿ ಅಚ್ಚಿನೊಳಗಿನ ಪೊಳ್ಳಿನ ಮೇಲ್ಮೈಗಿಂತ 30 ಸೆಂಟಿಮೀಟರ್ ಎತ್ತರದಲ್ಲಿದ್ದು, ಆ ಮೇಲ್ಮೈ 50 ಸೆಂಟಿಮೀಟರ್ ಚೌಕವಾಗಿದ್ದರೆ, ಮೇಲಿನ ಪೆಟ್ಟಿಗೆಯನ್ನು ಎತ್ತುವ ಬಲ ಸುಮಾರು 500 ಕಿಲೋಗ್ರಾಂ ಭಾರಕ್ಕೆ ಸಮ. ಪೆಟ್ಟಿಗೆ ಸ್ವಲ್ಪ ಎದ್ದರೂ ಸಂದಿನಿಂದ ಲೋಹ ಹೊರನುಗ್ಗಿ ಎರಕ ಹಾಳಾಗುತ್ತದೆ, ಕೆಲಸಗಾರರು ಸುಟ್ಟುಕೊಳ್ಳುತ್ತಾರೆ. ಅದಕ್ಕಾಗಿ ಪೆಟ್ಟಿಗೆಯ ಮೇಲೆ ಕಬ್ಬಿಣದ ಗಟ್ಟಿಗಳನ್ನು ಹೇರುತ್ತಾರೆ ಅಥವಾ ಎರಡನ್ನೂ ಕ್ಲಾಂಪು, ಬೋಲ್ಟುಗಳಿಂದ ಬಿಗಿಯುತ್ತಾರೆ. ಸುರಿಯುವ ರಭಸವೂ ಸೇರುವುದರಿಂದ ಲೆಕ್ಕಕ್ಕಿಂತ ಹೆಚ್ಚು ಭಾರ ಇಡುವುದು ರೂಢಿ. ಲೋಹ ಗಟ್ಟಿಯಾಗುವವರೆಗೆ ಅದನ್ನು ತೆಗೆಯುವುದಿಲ್ಲ. ದೊಡ್ಡ ಅಚ್ಚನ್ನು ನೆಲದ ಗುಂಡಿಯಲ್ಲಿಟ್ಟು ಸುತ್ತ ಮಣ್ಣು ತುಂಬಿ ಬಡಿಯುತ್ತಾರೆ.

ಉರುಳೆಯ ನಡುವೆ ಅಚ್ಚುಗೋಲಿನ ರಂಧ್ರಕ್ಕಾಗಿ ಮರಳಿನ ಕೋರ್ ಇಡಬೇಕು. ಮರಳು ಕಬ್ಬಿಣಕ್ಕಿಂತ ಹಗುರವಾದ್ದರಿಂದ, ಅಡ್ಡಲಾಗಿ ಮಲಗಿಸಿದ ಅಚ್ಚಿನಲ್ಲಿ ಅದೂ ತೇಲಲು ನೋಡುತ್ತದೆ. ಕೋರಿನ ತುದಿಗಳನ್ನು ಅಚ್ಚಿನಲ್ಲಿ ಭದ್ರವಾಗಿ ಊರಿ, ಬೇಕಾದಲ್ಲಿ ಚಾಪ್ಲೆಟ್ ಎಂಬ ಪುಟ್ಟ ಲೋಹದ ಆಧಾರಗಳನ್ನು ಇಡುತ್ತಾರೆ. ಕೋರ್ ಸರಿದರೆ ಉರುಳೆಯ ಒಂದು ಬದಿ ತೆಳುವಾಗಿ, ಕಬ್ಬಿನ ಒತ್ತಡಕ್ಕೆ ಸೀಳಬಹುದು. ತೇವದ ಮರಳಿನಿಂದ ಏಳುವ ಆವಿ ಹೊರಹೋಗಲು ಸಣ್ಣ ತೂತುಗಳೂ ಅಗತ್ಯ. ಇಲ್ಲದಿದ್ದರೆ ಅಚ್ಚು ಒಳಗಿನಿಂದಲೇ ಬಿರಿಯುತ್ತದೆ.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಈಗ ಯಂತ್ರದಿಂದ ಬಡಿಯುವ ಅಚ್ಚು, ರಾಳ ಬೆರೆತ ಮರಳು ಬಂದಿವೆ. ಆಲೆಮನೆಯಲ್ಲಿ ಕೋಣಗಳ ಜಾಗಕ್ಕೆ ಎಂಜಿನ್ನು, ಮೋಟರು ಬಂದಿವೆ. ದ್ರವ ಲೋಹದ ಎತ್ತುವ ಬಲ ಮಾತ್ರ ಬದಲಾಗಿಲ್ಲ. ಆದ್ದರಿಂದ ಭಾರ ಹೇರುವ, ಕ್ಲಾಂಪು ಬಿಗಿಯುವ ಕೆಲಸ ಇಂದಿಗೂ ಪ್ರತಿ ಎರಕದ ಮುನ್ನ ನಡೆಯಲೇಬೇಕು.