ಬೇರೆ ಹೋಗುವ ಮಾತು: ಬ್ರಿಟನ್ನಿನ ಎರಡು ಜನಮತಗಣನೆಗಳ ಕಥೆ

1975ರ ಜೂನ್ ತಿಂಗಳ ಒಂದು ಫೋಟೋ ಇದೆ, ನೀವೂ ನೋಡಿರಬಹುದು. ಮಾರ್ಗರೆಟ್ ಥ್ಯಾಚರ್ ಸ್ವೆಟರ್ ಹಾಕಿಕೊಂಡು ನಗುತ್ತಾ ನಿಂತಿದ್ದಾರೆ. ಸ್ವೆಟರಿನ ತುಂಬಾ ಯುರೋಪಿನ ದೇಶಗಳ ಬಾವುಟಗಳು! 'ಯುರೋಪನ್ನು ಬಿಡಬೇಡಿ, ಅಲ್ಲೇ ಇರೋಣ' ಅಂತ ಆಕೆ ಊರೂರು ಪ್ರಚಾರ ಮಾಡುತ್ತಿದ್ದ ದಿನಗಳವು. ಆಗ 'ಬಿಡಲೇಬೇಕು' ಅಂತ ಹಠ ಹಿಡಿದಿದ್ದವರು ಯಾರು ಅಂತೀರಾ? ಲೇಬರ್ ಪಕ್ಷದ ಎಡಪಂಥೀಯರು ಮತ್ತು ದೊಡ್ಡ ದೊಡ್ಡ ಕಾರ್ಮಿಕ ಸಂಘಗಳು.

ಬ್ರೆಕ್ಸಿಟ್ ಜಗಳ 2016ರಲ್ಲಿ ಶುರುವಾಯಿತು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದಕ್ಕೆ 41 ವರ್ಷ ಮೊದಲೇ ಆ ದೇಶದಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಜನಮತಗಣನೆ ನಡೆದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ವಾದಗಳು ಹೆಚ್ಚುಕಡಿಮೆ ಅವೇ, ವಾದ ಮಾಡುವವರು ಮಾತ್ರ ಮ್ಯೂಸಿಕಲ್ ಚೇರ್ ಆಡಿದ ಹಾಗೆ ಜಾಗ ಬದಲಾಯಿಸಿಕೊಂಡಿದ್ದಾರೆ. ಯಾಕೆ ಹೀಗಾಯಿತು ಅನ್ನುವುದೇ ಈ ಬರಹದ ವಿಷಯ. ಸ್ವಲ್ಪ ಉದ್ದವಾಗಬಹುದು, ತಾಳ್ಮೆಯಿರಲಿ :)

ಮೊದಲು ಒಳಗೆ ಹೋದ ಕಥೆ. 1957ರ ರೋಮ್ ಒಪ್ಪಂದದಲ್ಲಿ ಆರು ದೇಶಗಳು ಸೇರಿ 'ಕಾಮನ್ ಮಾರ್ಕೆಟ್' ಕಟ್ಟಿದಾಗ ಬ್ರಿಟನ್ ದೂರ ನಿಂತಿತ್ತು. ಕೆಲವೇ ವರ್ಷಗಳಲ್ಲಿ, ಹೊರಗಿದ್ದರೆ ನಷ್ಟ ಅಂತ ಗೊತ್ತಾಗಿ 1961ರಲ್ಲಿ ಅರ್ಜಿ ಹಾಕಿತು. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ 1963ರ ಜನವರಿಯಲ್ಲಿ 'ಬೇಡ' ಅಂದರು. 1967ರಲ್ಲಿ ಮತ್ತೆ ಅರ್ಜಿ, ಮತ್ತೆ ಅದೇ ಉತ್ತರ. ಡಿ ಗಾಲ್ 1969ರಲ್ಲಿ ಇಳಿದ ಮೇಲೆಯೇ ಬಾಗಿಲು ತೆರೆದದ್ದು. ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್ ಹಿಡಿದ ಪಟ್ಟು ಬಿಡದೆ 1973ರ ಜನವರಿ 1ರಂದು ದೇಶವನ್ನು ಒಳಗೆ ಸೇರಿಸಿದರು.

ಆದರೆ ಅದಕ್ಕೂ ಮೊದಲೇ ಪಾರ್ಲಿಮೆಂಟಿನಲ್ಲಿ ಬಿರುಕು ಕಾಣಿಸಿಕೊಂಡಿತ್ತು. 1971ರ ಅಕ್ಟೋಬರ್‌ನಲ್ಲಿ 69 ಲೇಬರ್ ಸದಸ್ಯರು ತಮ್ಮ ಪಕ್ಷದ ಆದೇಶ ಮೀರಿ ಹೀತ್ ಪರವಾಗಿ ಮತ ಹಾಕಿದರು. 1972ರ ಫೆಬ್ರವರಿಯಲ್ಲಿ ಸೇರ್ಪಡೆಯ ಮಸೂದೆ ಎರಡನೇ ವಾಚನದಲ್ಲಿ ಪಾಸಾದದ್ದು 309-301ರಲ್ಲಿ. ಬರೀ ಎಂಟು ಮತಗಳ ಅಂತರ! ಎರಡು ಪಕ್ಷಗಳ ನಡುವಿನ ಜಗಳ ಆಗಿದ್ದರೆ ಅದು ಚುನಾವಣೆಯಲ್ಲಿ ತೀರ್ಮಾನವಾಗುತ್ತಿತ್ತು. ಇದು ಎರಡೂ ಪಕ್ಷಗಳನ್ನು ಒಳಗಿನಿಂದ ಸೀಳುವ ಜಗಳ. ಹಾಗಾಗಿಯೇ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಜನಮತಗಣನೆಯ ದಾರಿ ಹಿಡಿದರು. ಇಡೀ ದೇಶಕ್ಕೆ ಅನ್ವಯಿಸುವ ಜನಮತಗಣನೆ ಬ್ರಿಟನ್ನಿನಲ್ಲಿ ನಡೆದದ್ದು ಅದೇ ಮೊದಲು. ಪಕ್ಷ ಒಡೆಯದಂತೆ ನೋಡಿಕೊಳ್ಳಲು, ಮಂತ್ರಿಗಳು ಒಬ್ಬರ ವಿರುದ್ಧ ಒಬ್ಬರು ಪ್ರಚಾರ ಮಾಡಬಹುದು ಅಂತಲೂ ಬಿಟ್ಟುಕೊಟ್ಟರು.

ಆಗಿನ ವಾದಗಳನ್ನು ಓದಿದರೆ ನಗು ಬರುತ್ತದೆ, ಅಷ್ಟು ಪರಿಚಿತ. ಟೋನಿ ಬೆನ್ ಹೇಳುತ್ತಿದ್ದದ್ದು ಪ್ರಜಾಪ್ರಭುತ್ವದ ಮಾತು: ನಾವು ಆರಿಸದ, ನಾವು ಇಳಿಸಲಾಗದ ಜನ ನಮಗೆ ಕಾನೂನು ಮಾಡುವುದೇ? ಮಂತ್ರಿಯಾಗಿದ್ದ ಬಾರ್ಬರಾ ಕ್ಯಾಸಲ್ ಬ್ರಸೆಲ್ಸ್‌ಗೆ ಹೋಗಿ ದಿನಸಿ ಖರೀದಿಸಿ, ಲಂಡನ್ನಿನಲ್ಲಿ ಎಷ್ಟು, ಅಲ್ಲಿ ಎಷ್ಟು ಅಂತ ಲೆಕ್ಕ ಒಪ್ಪಿಸಿದರು. ಬಲಪಂಥದ ಕೊನೆಯಲ್ಲಿದ್ದ ಈನಕ್ ಪೊವೆಲ್ ಕೂಡ ಇವರ ಜೊತೆಗೇ! ಎದುರುಗಡೆ ಥ್ಯಾಚರ್, ಹೀತ್, ದೊಡ್ಡ ಉದ್ಯಮಿಗಳು ಮತ್ತು ಬಹುತೇಕ ಎಲ್ಲಾ ಪತ್ರಿಕೆಗಳು. 2016ರಲ್ಲಿ 'ಬಿಡಿ' ಅಂದ 'ಡೈಲಿ ಮೇಲ್', 'ಎಕ್ಸ್‌ಪ್ರೆಸ್', 'ಸನ್' ಮೂರೂ 1975ರಲ್ಲಿ 'ಇರಿ' ಅಂದಿದ್ದವು. ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಆಗ ವಿರೋಧಿ, 2016ರಲ್ಲಿ ಕಟ್ಟಾ ಬೆಂಬಲಿಗ.

1975ರ ಜೂನ್ 5ರಂದು ಶೇ. 67 ಮಂದಿ 'ಇರೋಣ' ಅಂದರು. ಆ ಮತಗಳ ಸಂಖ್ಯೆ 1 ಕೋಟಿ 73 ಲಕ್ಷ 78 ಸಾವಿರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಕುರ್ಚಿ ಬದಲಾದದ್ದು ಯಾವಾಗ? ನನ್ನನ್ನು ಕೇಳಿದರೆ 1988ರ ಸೆಪ್ಟೆಂಬರ್‌ನ ಹನ್ನೆರಡು ದಿನಗಳನ್ನು ತೋರಿಸುತ್ತೇನೆ. ಸೆಪ್ಟೆಂಬರ್ 8ರಂದು ಯುರೋಪಿಯನ್ ಕಮಿಷನ್ನಿನ ಅಧ್ಯಕ್ಷ ಜಾಕ್ ದೆಲೋರ್, ಬೋರ್ನ್‌ಮತ್ ಎಂಬ ಕಡಲತೀರದ ಊರಿನಲ್ಲಿ ಬ್ರಿಟಿಷ್ ಕಾರ್ಮಿಕ ಸಂಘಗಳ ಸಮಾವೇಶಕ್ಕೆ ಬಂದು ಭಾಷಣ ಮಾಡಿದರು. ಯುರೋಪ್ ಅಂದರೆ ಬರೀ ವ್ಯಾಪಾರ ಅಲ್ಲ, ಕಾರ್ಮಿಕರ ಹಕ್ಕುಗಳೂ ಅದರಲ್ಲಿವೆ ಅನ್ನುವುದು ಅವರ ಮಾತಿನ ಸಾರ. ಆ ಸಭಾಂಗಣದಲ್ಲಿ ಕೂತಿದ್ದವರ ಸ್ಥಿತಿ ಯೋಚಿಸಿ. ಗಣಿ ಕಾರ್ಮಿಕರ ವರ್ಷವಿಡೀ ನಡೆದ ಮುಷ್ಕರ 1985ರಲ್ಲಿ ಸೋತಿತ್ತು. ಯುರೋಪ್ ಬಿಡುತ್ತೇವೆ ಅಂತ ಪ್ರಣಾಳಿಕೆಯಲ್ಲೇ ಬರೆದು 1983ರ ಚುನಾವಣೆಗೆ ಹೋದ ಲೇಬರ್ ಪಕ್ಷ ನೆಲಕಚ್ಚಿತ್ತು, 1987ರಲ್ಲೂ ಸೋತಿತ್ತು. ಮನೆಯಲ್ಲಿ ಥ್ಯಾಚರ್ ಮುಂದೆ ಏನೂ ನಡೆಯುತ್ತಿಲ್ಲ, ಹೊರಗಿನಿಂದ ಬಂದ ಒಬ್ಬರು 'ನಾನಿದ್ದೇನೆ' ಅನ್ನುತ್ತಿದ್ದಾರೆ! ಎದ್ದು ನಿಂತು ಚಪ್ಪಾಳೆ ಹೊಡೆದರು.

ಹನ್ನೆರಡು ದಿನಗಳ ನಂತರ, ಸೆಪ್ಟೆಂಬರ್ 20ರಂದು, ಬೆಲ್ಜಿಯಮ್ಮಿನ ಬ್ರೂಜ್ ನಗರದಲ್ಲಿ ಥ್ಯಾಚರ್ ಉತ್ತರ ಕೊಟ್ಟರು. ತಾವು ಸ್ವದೇಶದಲ್ಲಿ ಕಷ್ಟಪಟ್ಟು ಹಿಂದೆ ಸರಿಸಿದ ಸರ್ಕಾರಿ ನಿಯಂತ್ರಣವನ್ನು ಬ್ರಸೆಲ್ಸ್‌ನವರು ಹಿಂಬಾಗಿಲಿನಿಂದ ತರುವುದಾದರೆ ಒಪ್ಪುವುದಿಲ್ಲ ಅಂದರು. ಎಡದವರು ಯುರೋಪಿನ ಕಡೆ ಸರಿದರು, ಬಲದವರು ದೂರ ಸರಿದರು.

ಎರಡೂ ಕಡೆಯವರ ಲೆಕ್ಕಾಚಾರ ಒಂದೇ ಅಲ್ವಾ? ಊರಿನಲ್ಲಿ ನನ್ನ ಎದುರಾಳಿಯನ್ನು ಕಟ್ಟಿಹಾಕಲು ಯುರೋಪ್ ನೆರವಾದರೆ ಅದು ಒಳ್ಳೆಯದು. ನನ್ನ ಕೈ ಕಟ್ಟಿದರೆ ಕೆಟ್ಟದ್ದು. ನಾಲ್ಕು ದಶಕ 'ಯುರೋಪ್' ಹೆಸರಿನಲ್ಲಿ ನಡೆದ ಜಗಳದ ಬಹುಪಾಲು, ಬ್ರಿಟನ್ ಹೇಗಿರಬೇಕು ಎಂಬ ಒಳಮನೆಯ ಜಗಳ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಮಾರುಕಟ್ಟೆಯು ರಾಜಕೀಯ ಒಕ್ಕೂಟವಾಯಿತು, ಕನ್ಸರ್ವೇಟಿವ್ ಪಕ್ಷದಲ್ಲಿ ಬಂಡಾಯ ಎದ್ದಿತು. 2004ರ ಮೇ ತಿಂಗಳಲ್ಲಿ ಹತ್ತು ಹೊಸ ದೇಶಗಳು ಸೇರಿದಾಗ ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಆ ಜನರಿಗೆ ಮೊದಲ ದಿನದಿಂದಲೇ ಕೆಲಸದ ಬಾಗಿಲು ತೆರೆದವು. ಸರ್ಕಾರ ಮಾಡಿಸಿದ್ದ ಅಧ್ಯಯನವೊಂದು ವರ್ಷಕ್ಕೆ 5ರಿಂದ 13 ಸಾವಿರ ಜನ ಬರಬಹುದು ಅಂದಿತ್ತು. ಬಂದವರು ಅದರ ಎಷ್ಟೋ ಪಟ್ಟು. ಸಣ್ಣ ಊರುಗಳಲ್ಲಿ ಶಾಲೆ, ಬಾಡಿಗೆ ಮನೆ, ವೈದ್ಯರ ಸರತಿ ಎಲ್ಲದರಲ್ಲೂ ಇದರ ಮಾತು. ಪಕ್ಷದೊಳಗಿನ ಗದ್ದಲ ತಣಿಸಲು ಡೇವಿಡ್ ಕ್ಯಾಮರಾನ್ 2013ರ ಜನವರಿಯಲ್ಲಿ ಜನಮತಗಣನೆಯ ಭರವಸೆ ಕೊಟ್ಟರು. ವಿಲ್ಸನ್ ಹಿಡಿದ ದಾರಿಯೇ.

ಈಗ ನನ್ನ ವಿಷಯ. 2016ರಲ್ಲಿ ನಾನು ಕೆಲಸದ ಮೇಲೆ ಇಂಗ್ಲೆಂಡಿನ ಮಧ್ಯಭಾಗದ ಊರೊಂದರಲ್ಲಿದ್ದೆ. ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಆದರೂ ನನಗೆ ಮತ ಇತ್ತು! ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ನೆಲೆಸಿದ್ದರೆ ಮತ ಹಾಕಬಹುದು ಅನ್ನುವುದು ಅಲ್ಲಿನ ಹಳೆಯ ನಿಯಮ. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಪೋಲೆಂಡಿನ ಸಹೋದ್ಯೋಗಿ 2004ರಲ್ಲೇ ಬಂದವನು, ಮಕ್ಕಳು ಅಲ್ಲೇ ಹುಟ್ಟಿದವರು, ಹನ್ನೆರಡು ವರ್ಷ ತೆರಿಗೆ ಕಟ್ಟಿದವನು. ಅವನಿಗೆ ಮತ ಇಲ್ಲ. ಯಾರ ಬದುಕಿನ ಬಗ್ಗೆ ತೀರ್ಮಾನವೋ ಅವನು ಹೊರಗೆ, ಮೂರು ವರ್ಷದ ಹಿಂದೆ ಬಂದ ನಾನು ಒಳಗೆ. ನಾನು 'ಇರೋಣ' ಎಂಬ ಚೌಕಕ್ಕೆ ಗುರುತು ಹಾಕಿ ಬಂದೆ. ನಮ್ಮ ಕನ್ನಡದ ಗೆಳೆಯರಲ್ಲೇ ಇಬ್ಬರು 'ಬಿಡೋಣ' ಅಂದಿದ್ದರು. ಅವರ ಕಾರಣವೂ ಸುಳ್ಳಲ್ಲ: ಯುರೋಪಿನವರು ಟಿಕೆಟ್ ತೆಗೆದುಕೊಂಡು ಬರಬಹುದು, ನನ್ನ ತಮ್ಮ ಇಂಜಿನಿಯರ್ ಆದರೂ ವೀಸಾಕ್ಕೆ ಅಲೆಯಬೇಕು, ಇದು ಯಾವ ನ್ಯಾಯ? ಯುರೋಪಿನವರು ಕಡಿಮೆಯಾದರೆ ನಮ್ಮ ಕಡೆಯ ಅಡಿಗೆಯವರನ್ನು ಕರೆಸಿಕೊಳ್ಳಬಹುದು ಅಂತ ಕರಿ ಹೋಟೆಲುಗಳವರಿಗೂ ಪ್ರಚಾರದಲ್ಲಿ ಆಸೆ ಹುಟ್ಟಿಸಿದ್ದರು.

ಅದೇ ಹೊತ್ತಿಗೆ ನಮ್ಮ ಊರಿನ ಇಂಗ್ಲಿಷ್ ಮುದುಕರು ಹೊರಗಿನವರೇ ಕಡಿಮೆಯಾಗಲಿ ಅಂತ 'ಬಿಡೋಣ' ಅನ್ನುತ್ತಿದ್ದರು. ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಬ್ರಸೆಲ್ಸ್‌ಗೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗೆ ಕೊಡೋಣ ಅಂತ ಬರೆದಿತ್ತು (ಈ ಲೆಕ್ಕ ದಾರಿ ತಪ್ಪಿಸುವಂಥದ್ದು ಅಂತ ಸರ್ಕಾರದ ಅಂಕಿಅಂಶ ಪ್ರಾಧಿಕಾರವೇ ಹೇಳಿತು). ಕೆಲವರಿಗೆ ತೆರಿಗೆ ಕಡಿಮೆಯ, ನಿಯಂತ್ರಣವಿಲ್ಲದ ಮಾರುಕಟ್ಟೆ ಬೇಕಿತ್ತು. ಇನ್ನು ಕೆಲವರಿಗೆ ಸರ್ಕಾರ ಕಾರ್ಖಾನೆಗಳನ್ನು ಉಳಿಸಬೇಕಿತ್ತು. ಒಂದಕ್ಕೊಂದು ಆಗದ ಇಷ್ಟೂ ಆಸೆಗಳಿಗೆ ಒಂದೇ ಚೌಕ! ವಾತಾವರಣ ಎಷ್ಟು ಕೆಟ್ಟಿತ್ತೆಂದರೆ ಮತದಾನಕ್ಕೆ ಒಂದು ವಾರ ಮೊದಲು, ಜೂನ್ 16ರಂದು, 'ಇರೋಣ' ಪರವಿದ್ದ ಯುವ ಸಂಸದೆ ಜೋ ಕಾಕ್ಸ್ ಅವರನ್ನು ಬಲಪಂಥೀಯ ಉಗ್ರನೊಬ್ಬ ನಡುಬೀದಿಯಲ್ಲಿ ಕೊಂದ.

ಜೂನ್ 23ರಂದು 'ಬಿಡೋಣ' ಅಂದವರು 1 ಕೋಟಿ 74 ಲಕ್ಷ 10 ಸಾವಿರ, ಶೇ. 51.9. 'ಇರೋಣ' ಅಂದವರು 1 ಕೋಟಿ 61 ಲಕ್ಷ 41 ಸಾವಿರ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, 1975ರಲ್ಲಿ 'ಇರೋಣ' ಅಂದವರ ಸಂಖ್ಯೆ? ಹೆಚ್ಚುಕಡಿಮೆ ಅಷ್ಟೇ ಜನ ಈ ಸಲ 'ಬಿಡೋಣ' ಅಂದಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್ 'ಬಿಡೋಣ' ಅಂದವು. ಸ್ಕಾಟ್ಲೆಂಡ್ ಶೇ. 62, ಉತ್ತರ ಐರ್ಲೆಂಡ್ ಸುಮಾರು ಶೇ. 56ರಷ್ಟು 'ಇರೋಣ' ಅಂದವು.

ಆಮೇಲೆ ಶುರುವಾಯಿತು ನಿಜವಾದ ಪ್ರಶ್ನೆ: ಬಿಟ್ಟು ಎಲ್ಲಿಗೆ? ಉತ್ತರ ಐರ್ಲೆಂಡಿಗೂ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಮೂರು ದಶಕದ ಹಿಂಸೆಯಲ್ಲಿ 3500ಕ್ಕೂ ಹೆಚ್ಚು ಜನ ಸತ್ತ ಮೇಲೆ, 1998ರ ಗುಡ್ ಫ್ರೈಡೇ ಒಪ್ಪಂದದಿಂದ ಅಲ್ಲಿ ಶಾಂತಿ ಬಂದು, ಸೈನಿಕರ ತಪಾಸಣೆ ಹೋಗಿ, ಗಡಿ ಇದೆ ಅಂತಲೇ ಗೊತ್ತಾಗದ ಹಾಗಾಗಿತ್ತು. ಈಗ ಅದು ಒಕ್ಕೂಟದ ಹೊರಗಡಿ. ಸುಂಕದ ಕಟ್ಟೆ ಹಾಕಿದರೆ ಶಾಂತಿಗೆ ಅಪಾಯ, ಹಾಕದಿದ್ದರೆ ಬ್ರಿಟನ್ ಪೂರ್ತಿ ಬಿಟ್ಟ ಹಾಗಾಗದು. ಅತ್ತ ದರಿ, ಇತ್ತ ಪುಲಿ. ಪ್ರಚಾರದಲ್ಲಿ ಇದನ್ನು ಕೇಳಿಸಿಕೊಂಡವರೇ ಕಡಿಮೆ.

ತೆರೆಸಾ ಮೇ ತಂದ ಒಪ್ಪಂದ 2019ರ ಜನವರಿ 15ರಂದು 432-202ರಲ್ಲಿ ಬಿದ್ದುಹೋಯಿತು. ಆಧುನಿಕ ಕಾಲದಲ್ಲಿ ಅಲ್ಲಿನ ಯಾವ ಸರ್ಕಾರವೂ ಅಷ್ಟು ದೊಡ್ಡದಾಗಿ ಸೋತಿರಲಿಲ್ಲ. ಮಾರ್ಚ್ 27ರಂದು ಸಂಸದರು ತಾವೇ ಎಂಟು ದಾರಿಗಳನ್ನು ಮತಕ್ಕೆ ಹಾಕಿದರು. ಎಂಟಕ್ಕೆ ಎಂಟೂ ಸೋತವು! ಸೆಪ್ಟೆಂಬರ್‌ನಲ್ಲಿ ಬೋರಿಸ್ ಜಾನ್ಸನ್ 21 ಮಂದಿ ಸ್ವಂತ ಸಂಸದರನ್ನು ಪಕ್ಷದಿಂದ ಆಚೆ ಹಾಕಿದರು. ಅವರಲ್ಲಿ ಚರ್ಚಿಲ್ ಮೊಮ್ಮಗ ನಿಕೊಲಸ್ ಸೋಮ್ಸ್ ಇದ್ದರು, 1972ರಲ್ಲಿ ಹೀತ್ ಪರ ಮತ ಹಾಕಿದ್ದ ಕೆನ್ ಕ್ಲಾರ್ಕ್ ಕೂಡ ಇದ್ದರು. ಕೊನೆಗೆ ಡಿಸೆಂಬರ್ ಚುನಾವಣೆ ಗೆದ್ದ ಜಾನ್ಸನ್ 2020ರ ಜನವರಿ 31ರಂದು ದೇಶವನ್ನು ಹೊರಗೆ ತಂದರು. ಐರ್ಲೆಂಡಿನ ಗಂಟು ಬಿಡಿಸಲು, ಸುಂಕದ ತಪಾಸಣೆ ಬ್ರಿಟನ್ನಿಗೂ ಉತ್ತರ ಐರ್ಲೆಂಡಿಗೂ ನಡುವಿನ ಸಮುದ್ರಕ್ಕೆ ಹೋಯಿತು. ಅಂದರೆ ಒಂದೇ ದೇಶದ ಎರಡು ಭಾಗಗಳ ನಡುವೆ! ಅದನ್ನು ಸರಿಪಡಿಸುವ ವಿಂಡ್ಸರ್ ಒಪ್ಪಂದ 2023ರಲ್ಲಿ ಆದದ್ದು, ಆಗ ಪ್ರಧಾನಿಯಾಗಿದ್ದ ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಕಾಲದಲ್ಲಿ.

ಇದರ ಜೊತೆ ಗ್ರೀನ್‌ಲ್ಯಾಂಡನ್ನು ಹೋಲಿಸಿ ನೋಡಿ. ಡೆನ್ಮಾರ್ಕಿನ ಜೊತೆ 1973ರಲ್ಲಿ ಇಷ್ಟವಿಲ್ಲದೆ ಒಳಗೆ ಹೋದ ಐವತ್ತು ಸಾವಿರ ಜನರ ಆ ನಾಡು, 1982ರಲ್ಲಿ ಮತ ಹಾಕಿ 1985ರಲ್ಲಿ ಹೊರಗೆ ಬಂತು. ಅವರಿಗೆ ಬೇಕಾದದ್ದು ಮುಖ್ಯವಾಗಿ ಒಂದೇ: ನಮ್ಮ ಸಮುದ್ರದ ಮೀನಿನ ಮೇಲೆ ನಮ್ಮ ಹಿಡಿತ. ಆ ಒಂದೇ ವಿಷಯಕ್ಕೇ ಮಾತುಕತೆ ಮೂರು ವರ್ಷ ತೆಗೆದುಕೊಂಡಿತು. ಅಂದಮೇಲೆ ಏನು ಬೇಕು ಅಂತಲೇ ಒಮ್ಮತವಿಲ್ಲದವರ ಗತಿ?

ಫಲ ಯಾರಿಗೆ ಸಿಕ್ಕಿತು? ಜನಮತಗಣನೆಯ ಹೊತ್ತಿಗೆ ವಲಸೆ ನಿವ್ವಳ ವರ್ಷಕ್ಕೆ ಸುಮಾರು 3 ಲಕ್ಷ ಇತ್ತು. 2023ರಲ್ಲಿ ಅದು 9 ಲಕ್ಷ ದಾಟಿತು, ಬಂದವರಲ್ಲಿ ಭಾರತ ಮತ್ತು ನೈಜೀರಿಯಾದವರೇ ಹೆಚ್ಚು. ನನ್ನ ಗೆಳೆಯನ ತಮ್ಮ ಈಗ ಅಲ್ಲೇ ಇದ್ದಾನೆ. ಆದರೆ ಅದೇ ಚೌಕಕ್ಕೆ ಗುರುತು ಹಾಕಿದ ಆ ಊರಿನ ಮುದುಕರಿಗೆ ಮೋಸ ಹೋದೆವು ಅನ್ನಿಸಿದರೆ ಅದನ್ನೂ ತಪ್ಪು ಅನ್ನಲಾರೆ. ಒಬ್ಬರ ಗೆಲುವೇ ಇನ್ನೊಬ್ಬರ ಸೋಲು, ಇಬ್ಬರೂ ಒಂದೇ ಕಡೆ ನಿಂತವರು. ಪೋಲೆಂಡಿನ ಗೆಳೆಯ ಉಳಿಯಲು ಅನುಮತಿ ಸಿಕ್ಕಿದ್ದರೂ ಮನಸ್ಸು ಮುರಿದು 2018ರಲ್ಲಿ ಊರಿಗೆ ಮರಳಿದ.

ನಮ್ಮ ಕಡೆ ಅವಿಭಕ್ತ ಕುಟುಂಬದಲ್ಲಿ ಅಣ್ಣತಮ್ಮಂದಿರು ಬೇರೆ ಹೋಗುವಾಗ ಹಿರಿಯರು ಕೂತು ಮೊದಲು ಪಾಲುಪಟ್ಟಿ ಬರೆಸುತ್ತಾರೆ. ಬಾವಿ ಯಾರಿಗೆ, ಕಣ ಯಾರಿಗೆ, ದಾರಿ ಯಾರ ಗದ್ದೆಯ ಮೇಲೆ ಅಂತ. ಆಮೇಲೆ ಒಲೆ ಬೇರೆಯಾಗುತ್ತದೆ. ಬ್ರಿಟನ್ನಿನವರು ಒಲೆ ಬೇರೆ ಅಂತ ಮೊದಲು ಸಾರಿ, ಪಟ್ಟಿ ಬರೆಯಲು ನಾಲ್ಕೂವರೆ ವರ್ಷ ಕಿತ್ತಾಡಿದರು. ವ್ಯಾಪಾರ ಒಪ್ಪಂದ ಕೈಗೆ ಬಂದದ್ದು 2020ರ ಡಿಸೆಂಬರ್ 24ರಂದು, ಗಡುವಿಗೆ ಒಂದೇ ವಾರ ಇದ್ದಾಗ. ಬೇರೆ ಹೋಗುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅದು ಅವರವರ ಹಕ್ಕು. ಆದರೆ ಯಾವ ದೇಶದಲ್ಲೇ ಆಗಲಿ, ಯಾರಾದರೂ 'ಬಿಟ್ಟು ಬರೋಣ' ಅಂದಾಗ 'ಪಟ್ಟಿ ಎಲ್ಲಿ?' ಅಂತ ಮೊದಲು ಕೇಳಬೇಕು ಅಂತ ನನಗನ್ನಿಸುತ್ತದೆ. ಆ ದಿನಗಳಲ್ಲಿ ಅಲ್ಲಿದ್ದವರು ನಿಮ್ಮಲ್ಲೂ ಇರಬಹುದು. ನೀವು ಯಾವ ಚೌಕಕ್ಕೆ ಗುರುತು ಹಾಕಿದಿರಿ, ಯಾಕೆ? ಬರೆಯಿರಿ, ಓದಬೇಕು ಅಂತ ಆಸೆ.