ಕಟ್ಟಿಗೆಯ ಉಗಿಬಂಡಿಗೆ ಕಪ್ಪು ಬಣ್ಣ

ಗೋಕಾವಿಯ ಗೊಂಬೆಗಳೆಂದರೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ಹಣ್ಣು-ಕಾಯಿಗಳು. ಹಗುರಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣವಿಟ್ಟ ಮಾವು, ಬಾಳೆ, ಸೀತಾಫಲಗಳನ್ನು ಕಂಡವರು ಕೈಚಾಚದೆ ಇರಲಾರರು. ಕಟ್ಟಿಗೆಯ ಜತೆಗೆ ಈ ಕೊಳ್ಳದ ಒಂದು ಬಗೆಯ ಮಣ್ಣೂ ಇಲ್ಲಿಯ ಗೊಂಬೆಗಳಿಗೆ ಬೇಕೆಂದು ಬ್ರಿಟಿಷರ ಕಾಲದ ಗೆಝೆಟಿಯರು ಬರೆದಿಟ್ಟಿದೆ. ಉಳಿಯ ಕೆಲಸ ಅರ್ಧ, ಲೇಪದ ಕೆಲಸ ಇನ್ನರ್ಧ.

ಮೇಲವಂಕಿಯ ಮನೆಯಲ್ಲಿ ಕುಳಿತು ನಾನೀಗ ಲೇಪ ಹಚ್ಚುತ್ತಿರುವುದು ಉಗಿಬಂಡಿಯೊಂದಕ್ಕೆ. ಮೀಟರ್‌ಗೇಜಿನ ವಾಯ್‌.ಪಿ. ಇಂಜಿನ್ನು, ಅಳತೆ ಇಪ್ಪತ್ತರಲ್ಲೊಂದಂಶ. ಮೀಟರಗಲದ ಹಳಿ ಇಲ್ಲಿ 50 ಮಿಲಿಮೀಟರು. 1372 ಮಿಲಿಮೀಟರಿನ ದೊಡ್ಡ ಗಾಲಿ 68ಕ್ಕೆ ತುಸು ಹೆಚ್ಚು. ಮೈಕಟ್ಟು ಮುಗಿದಿದೆ. ಉಳಿದದ್ದು ರಿವೆಟ್ಟು, ಬಣ್ಣ, ಅಕ್ಷರ. ಇತಿಹಾಸ ಬೇಕಾಗುವುದು ಇಲ್ಲಿಯೇ.

ನಮ್ಮೂರಿಗೆ ಹಳಿಯಿಲ್ಲ, ಗಾಡಿ ಹತ್ತಲು ಘಟಪ್ರಭಾಕ್ಕೆ ಹೋಗಬೇಕು. ಆ ದಾರಿ ಹಾಕಿದ್ದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೇಲ್ವೆ ಕಂಪನಿ. 1890ರ ಹೊತ್ತಿಗೆ ಅದು ಬೆಳಗಾವಿಯ ಮೇಲಿಂದ ಪುಣೆ-ಲೋಂಡಾಗಳನ್ನು ಕೂಡಿಸಿತು. 1908ರಲ್ಲಿ ಮದ್ರಾಸ್ ರೇಲ್ವೆಯೊಡನೆ ಬೆರೆತು ಎಂ. ಅಂಡ್ ಎಸ್.ಎಂ. ಆಯಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೇಲ್ವೆ, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೇಲ್ವೆ. ಹಳಿ ಅದೇ, ಹೊಗೆ ಅದೇ. ಟೆಂಡರಿನ ಮೇಲಿನ ಅಕ್ಷರ ಬೇರೆ.

ಆದುದರಿಂದ ಕುಂಚ ಎತ್ತುವ ಮೊದಲು ವರ್ಷ ಗೊತ್ತುಮಾಡಬೇಕು. ವಾಯ್‌.ಪಿ. ಜಾತಿಯ ಮೊದಲ ಇಂಜಿನ್ನುಗಳು 1949ರಲ್ಲಿ ಅಮೇರಿಕೆಯ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ಆದವು. ಬಳಿಕ ಜಮ್‌ಶೇಡ್‌ಪುರದ ಟೆಲ್ಕೋ 1970ರ ತನಕ ಕಟ್ಟಿತು. ನನ್ನದು ಟೆಲ್ಕೋದ್ದು. ಅದರ ಮೇಲೆ ಹಳೆಯ ಕಂಪನಿಯ ಹೆಸರು ಬರೆದರೆ ನೋಟಕ್ಕೆ ಚೆನ್ನು, ಕಾಲಕ್ಕೆ ಸುಳ್ಳು. ನಮ್ಮ ತಂದೆಯವರು ಓದಲೆಂದು ಧಾರವಾಡಕ್ಕೆ ಹೋದದ್ದು 1960ರ ಸುಮಾರಿಗೆ. ಆದ್ದರಿಂದ ದಕ್ಷಿಣ ರೇಲ್ವೆಯೆಂದೇ ನಿಶ್ಚಯಿಸಿದ್ದೇನೆ. ಅವರ ಕಣ್ಣು ಈಗ ಮಂಜಾಗುತ್ತಿದೆ. ಅಕ್ಷರ ಕಾಣುವಷ್ಟು ದಿನದಲ್ಲೇ ಇದು ಮುಗಿಯಬೇಕು.

ಪೇಟೆಯ ಆಟಿಕೆ ಇಂಜಿನ್ನುಗಳ ಮೂತಿಗೆ ಎರಡು ಬಫರುಗಳಿರುವುದನ್ನು ವಾಚಕರು ನೋಡಿರಬಹುದು. ಅದು ಬ್ರಾಡ್‌ಗೇಜಿನ ಲಕ್ಷಣ. ನಮ್ಮ ಮೀಟರ್‌ಗೇಜಿಗೆ ನಟ್ಟನಡುವೆ ಒಂದೇ ಬಫರು, ಅದರಲ್ಲೇ ಕೊಂಡಿ. ಇದೊಂದು ತಪ್ಪಿದರೆ ಉಳಿದ ಶ್ರಮವೆಲ್ಲ ಹೊಳೆಯ ಪಾಲು.

ರಿವೆಟ್ಟಿಗೆ ನಾನು ಬಳಸುವುದು ಹುಣಸೆಬೀಜದ ಅಂಟು. ಬೀಜ ನೆನೆಹಾಕಿ, ಸಿಪ್ಪೆ ಬಿಡಿಸಿ, ಅರೆದು ಕುದಿಸಿ, ವಸ್ತ್ರಗಾಳಿತ ಮಾಡಿದ ಬಿಳಿಮಣ್ಣನ್ನು ಕಲಸಬೇಕು. ಸೂಜಿಯ ಮೊನೆಯಿಂದ ಒಂದೊಂದೇ ಹನಿ. ತೆಳುವಾದರೆ ಹನಿ ಹರಡಿಹೋಗುತ್ತದೆ, ಗಟ್ಟಿಯಾದರೆ ಒಣಗಿ ಸಿಡಿಯುತ್ತದೆ. ನೆರಳಲ್ಲಿ ಒಣಗಿಸಬೇಕು, ಬಿಸಿಲು ಕೂಡದು. ತಂದೆಯವರು ಈ ಸಾಲನ್ನು ಬೆರಳಿಂದ ಸವರಿ ಎಣಿಸುತ್ತಾರೆ.

ಕಪ್ಪು ಬಣ್ಣವೆಂದರೆ ಸುಲಭವೆಂದು ತಿಳಿದವರೇ ಹೆಚ್ಚು. ಹೊಗೆಪೆಟ್ಟಿಗೆಯ ಕಪ್ಪು ಕಾವಿಗೆ ಬೆಂದು ಕಳೆಗುಂದಿದ ಕಪ್ಪು. ಬಾಯ್ಲರಿನ ಮೇಲಿನದು ಎಣ್ಣೆಬಟ್ಟೆಯಿಂದ ಒರೆಸಿ ಒರೆಸಿ ಮಿನುಗುವುದು. ಟೆಂಡರಿನ ನೆತ್ತಿಯದು ಕಲ್ಲಿದ್ದಲ ಧೂಳಿನ ಬೂದುಗಪ್ಪು. ಮುಂದಿನ ಅಡ್ಡಪಟ್ಟಿ ಮಾತ್ರ ಕೆಂಪು. ಸವುಳು ನೀರು ಸೋರಿದೆಡೆ ಸುಣ್ಣದ ಬಿಳಿ ಗೆರೆಗಳನ್ನೂ ಎಳೆಯಬೇಕು. ಅಚ್ಚುಕಟ್ಟಾಗಿ ಹೊಳೆಯುವ ಇಂಜಿನ್ನು ವಸ್ತುಸಂಗ್ರಹಾಲಯದಲ್ಲಿರುತ್ತದೆ, ದುಡಿಯುವ ಇಂಜಿನ್ನಿಗೆ ಕೊಳೆ ಇರುತ್ತದೆ.

ಪುಣೆ-ಮೀರಜ ದಾರಿ 1971ರಲ್ಲಿ ಬ್ರಾಡ್‌ಗೇಜಾಯಿತು. ಮೀರಜ-ಲೋಂಡಾ ದಾರಿಯ ಸರದಿ 1990ರ ದಶಕದಲ್ಲಿ ಬಂತು. ಘಟಪ್ರಭಾದಲ್ಲಿ ಆ ಹಳಿಯ ಅಗಲವನ್ನು ಇಂದು ಅಳೆದು ನೋಡಲಾಗದು.

ಟೆಂಡರಿನ ಎಡಮೈಯ ಅಕ್ಷರ ಒಣಗಿದೆ. ಬಲಮೈಗೆ ಇನ್ನೂ ನಾಲ್ಕು ದಿನ ಬೇಕು.