ರಿಂಕಾರ್ಟ್, ಮಾರ್ಟಿನ್

1586-1649. ಜರ್ಮನಿಯ ಲೂಥರನ್ ಸಭಾಪಾಲಕ, ಕವಿ, ನಾಟಕಕಾರ, ಸಂಗೀತಜ್ಞ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಸ್ಯಾಕ್ಸನಿಯ ಐಲೆನ್‌ಬುರ್ಗ್ ಎಂಬ ಸಣ್ಣ ಪಟ್ಟಣದ ಮೇಲೆ ಪ್ಲೇಗು, ಕ್ಷಾಮ, ಸೈನಿಕರ ಸುಲಿಗೆ ಈ ಮೂರೂ ಒಂದರ ಬೆನ್ನಿಗೊಂದು ಬಂದೆರಗಿದಾಗ ತನ್ನ ಜನರನ್ನು ಬಿಟ್ಟು ಕದಲದೆ ನಿಂತವನೆಂದೂ, ಕ್ರೈಸ್ತ ಜಗತ್ತಿನ ಬಹುಪ್ರಸಿದ್ಧ ಕೃತಜ್ಞತಾಗೀತೆಗಳಲ್ಲೊಂದಾದ ‘ನುನ್ ಡಾಂಕೆಟ್ ಆಲೆ ಗಾಟ್’ನ ಕರ್ತೃವೆಂದೂ ಈತ ಖ್ಯಾತನಾಗಿದ್ದಾನೆ. ವಿಶ್ವಾಸಿಯಾದವನಿಗೆ ಸಂಕಟಕಾಲದಲ್ಲಿ ಒದಗುವ ಶಾಂತಿಯು ಸಂಕಟ ಬಂದಂದು ಹುಡುಕಿ ತಂದದ್ದಾಗಿರದೆ, ಅದಕ್ಕೂ ಬಹು ಮೊದಲೇ ನಿತ್ಯದ ಅನ್ನದ ಮುಂದೆ ಕುಳಿತು ರೂಢಿಸಿಕೊಂಡ ಕೃತಜ್ಞತೆಯ ಫಲವಾಗಿರುತ್ತದೆ ಎಂಬುದಕ್ಕೆ ಈತನ ಬಾಳು ಉಜ್ಜ್ವಲವಾದ ನಿದರ್ಶನ.

ರಿಂಕಾರ್ಟ್ ಐಲೆನ್‌ಬುರ್ಗಿನಲ್ಲಿಯೇ 1586ರ ಏಪ್ರಿಲ್ 23ರಂದು ಜನಿಸಿದ. ತಂದೆ ಮರದ ಪೀಪಾಯಿಗಳನ್ನು ಮಾಡುವ ಕಸುಬಿನವನು. ಬಾಲಕನ ಕಂಠಮಾಧುರ್ಯ ಆತನಿಗೆ ಲೈಪ್‌ಜಿಗ್ ನಗರದ ಸಂತ ತೋಮನ ಶಾಲೆಯ ಬಾಗಿಲನ್ನು ತೆರೆಯಿತು. ಅಲ್ಲಿ ಗಾಯಕವೃಂದದಲ್ಲಿ ಹಾಡುತ್ತ ವಿದ್ಯಾಭ್ಯಾಸ ಮಾಡಿ, ಮುಂದೆ ಅದೇ ನಗರದ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರವನ್ನು ವ್ಯಾಸಂಗ ಮಾಡಿದ. 1610ರಲ್ಲಿ ಮಾರ್ಟಿನ್ ಲೂಥರನ ಜನ್ಮಸ್ಥಳವಾದ ಐಸ್‌ಲೆಬೆನ್ ಪಟ್ಟಣದಲ್ಲಿ ಉಪಾಧ್ಯಾಯನೂ ಗಾಯನಾಚಾರ್ಯನೂ ಆಗಿ ವೃತ್ತಿಯನ್ನಾರಂಭಿಸಿ, ಮರುವರ್ಷ ಧರ್ಮಸೇವೆಗೆ ನಿಯುಕ್ತನಾಗಿ, 1613ರಲ್ಲಿ ಎರ್ಡೆಬೋರ್ನ್ ಎಂಬ ಗ್ರಾಮದ ಸಭಾಪಾಲಕನಾದ. ಅದೇ ವರ್ಷ ಪ್ರಕಟವಾದ ‘ಐಸ್‌ಲೆಬೆನ್ನಿನ ಕ್ರೈಸ್ತ ವೀರ’ ಎಂಬ ನಾಟಕದಲ್ಲಿ, ತಂದೆಯ ಆಸ್ತಿಗಾಗಿ ಸ್ಪರ್ಧಿಸುವ ಮೂವರು ಸಹೋದರರ ಕಥೆಯ ಮೂಲಕ, ಅಂದಿನ ಮತೀಯ ವಿವಾದಗಳನ್ನು ರೂಪಕವಾಗಿ ಚಿತ್ರಿಸಿದ್ದಾನೆ. 1617ರಲ್ಲಿ ಹುಟ್ಟೂರು ಈತನನ್ನು ತನ್ನ ಸೇವೆಗೆ ಕರೆದುಕೊಂಡಿತು. ಅದರ ಮರುವರ್ಷವೇ ಯುದ್ಧವಾರಂಭವಾಯಿತು. ಮುಂದಿನ 32 ವರ್ಷಗಳ ಕಾಲ ಈತ ಆ ಊರನ್ನು ಬಿಡಲಿಲ್ಲ.

ಐಲೆನ್‌ಬುರ್ಗ್ ಲೈಪ್‌ಜಿಗ್‌ನ ಈಶಾನ್ಯಕ್ಕೆ ಮುಲ್ಡೆ ನದಿಯ ದಡದಲ್ಲಿದೆ. ಸುತ್ತಲೂ ಕೋಟೆಗೋಡೆಯಿದ್ದುದರಿಂದ, ಸೈನ್ಯಗಳು ಹಳ್ಳಿಗಳನ್ನು ಸುಡುತ್ತ ಬಂದಾಗಲೆಲ್ಲ ಹೊರಗಿನ ರೈತಾಪಿ ಜನ ಹೆಂಡಿರು ಮಕ್ಕಳೊಡನೆ ಈ ಗೋಡೆಗಳ ಒಳಕ್ಕೆ ನುಗ್ಗುತ್ತಿದ್ದರು. 1635ರಲ್ಲಿ ಸ್ಯಾಕ್ಸನಿಯ ಅರಸು ಪ್ರಾಗ್ ನಗರದಲ್ಲಿ ಪವಿತ್ರ ರೋಮನ್ ಚಕ್ರವರ್ತಿಯೊಡನೆ ಸಂಧಿ ಮಾಡಿಕೊಂಡಾಗ, ಅದುವರೆಗೆ ಮಿತ್ರರಾಗಿದ್ದ ಸ್ವೀಡನ್ನಿನ ಸೈನಿಕರು ಶತ್ರುಗಳಾಗಿ ಪರಿಣಮಿಸಿದರು. ಸ್ಯಾಕ್ಸನಿಯ ಗ್ರಾಮಾಂತರವು ಮತ್ತಷ್ಟು ಹಾಳಾಯಿತು. ಆಶ್ರಯವನ್ನಿತ್ತ ಗೋಡೆಗಳೇ ರೋಗಕ್ಕೂ ಆಶ್ರಯವಾದುವು. ಇಕ್ಕಟ್ಟಾದ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಒತ್ತಿಕೊಂಡು ಬದುಕುತ್ತಿದ್ದ ಜನರ ನಡುವೆ 1637ರಲ್ಲಿ ಪ್ಲೇಗು ಕಾಲಿರಿಸಿತು.

ಆ ವರ್ಷದ ವೃತ್ತಾಂತವನ್ನು ಓದುವುದೇ ದುಸ್ಸಹ. ಪಟ್ಟಣದ ಹಿರಿಯ ಧರ್ಮಾಧಿಕಾರಿ ಹವಾ ಬದಲಾವಣೆಗೆಂದು ಊರು ಬಿಟ್ಟು ಹೋದವನು ಎಷ್ಟು ಕೇಳಿಕೊಂಡರೂ ಹಿಂದಿರುಗಲಿಲ್ಲ. ಮೇ 8ರಂದು ರಿಂಕಾರ್ಟನ ಪತ್ನಿ ಮೃತಳಾದಳು. ಆಗಸ್ಟ್ 7ರಂದು ಈತ ನಾಲ್ವರು ಸಭಾಪಾಲಕರ ಉತ್ತರಕ್ರಿಯೆಯನ್ನು ಒಂದೇ ದಿನ ನಡೆಸಬೇಕಾಯಿತು. ಅವರಲ್ಲಿ ಇಬ್ಬರು ಪಟ್ಟಣದವರು, ಇನ್ನಿಬ್ಬರು ಹಳ್ಳಿಗಳಿಂದ ಓಡಿಬಂದವರು. ಅಲ್ಲಿಂದ ಮುಂದೆ ಮರಣಶಯ್ಯೆಯ ಬಳಿ ಪ್ರಾರ್ಥಿಸುವವನೂ, ಗುಂಡಿಯ ಅಂಚಿನಲ್ಲಿ ನಿಂತು ಪುನರುತ್ಥಾನದ ವಾಗ್ದಾನವನ್ನು ಓದುವವನೂ ಈತನೊಬ್ಬನೇ. ದಿನವೊಂದಕ್ಕೆ ನಲವತ್ತು ಐವತ್ತು ಶವಗಳಂತೆ, ಒಟ್ಟು ಸುಮಾರು 4,480 ಜನರ ಸಮಾಧಿಕ್ರಿಯೆಯನ್ನು ಈತ ನೆರವೇರಿಸಿದನೆಂದು ತಿಳಿದುಬರುತ್ತದೆ. ವರ್ಷಾಂತ್ಯದ ಹೊತ್ತಿಗೆ, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಮಂತ್ರೋಚ್ಚಾರ ಮಾಡುವುದು ಮನುಷ್ಯಮಾತ್ರದವರಿಂದ ಸಾಧ್ಯವಾಗದೆ, ನಿರಾಶ್ರಿತರನ್ನು ಉದ್ದನೆಯ ಕಂದಕಗಳಲ್ಲಿ ಕ್ರಿಯಾವಿಧಿಯಿಲ್ಲದೆಯೇ ಹೂಳಬೇಕಾಯಿತು. ಸತ್ತವರ ಒಟ್ಟು ಸಂಖ್ಯೆಯನ್ನು 8,000 ಎಂದು ಹೇಳುವುದುಂಟು.

ಪ್ಲೇಗಿನ ಹಿಂದೆಯೇ ಕ್ಷಾಮ ಬಂದಿತು. ಸತ್ತ ಬೆಕ್ಕಿಗಾಗಿಯೋ ಕಾಗೆಗಾಗಿಯೋ ಮೂವತ್ತು ನಲವತ್ತು ಮಂದಿ ಬೀದಿಯಲ್ಲಿ ಹೊಡೆದಾಡಿದುದನ್ನು ಜನ ಕಂಡರು. ರಿಂಕಾರ್ಟ್ ಪುರಾಧ್ಯಕ್ಷನೊಡನೆಯೂ ಮತ್ತೊಬ್ಬ ನಾಗರಿಕನೊಡನೆಯೂ ಕೂಡಿ ಅನ್ನದಾನದ ವ್ಯವಸ್ಥೆಯನ್ನು ಕೈಗೊಂಡ. ತನ್ನ ಮಕ್ಕಳ ಜೀವಧಾರಣೆಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನೆಲ್ಲ ಹಂಚಿದ. ಆದುದರಿಂದ ಆತನ ಮನೆಯ ಬಾಗಿಲಲ್ಲಿ ಹಸಿದವರ ಗುಂಪು ಸದಾ ನೆರೆದಿರುತ್ತಿತ್ತು. ಕೊನೆಗೆ ತನ್ನ ಮನೆಯವರ ಅನ್ನಬಟ್ಟೆಗಾಗಿ ಮುಂದಿನ ಹಲವು ವರ್ಷಗಳ ವರಮಾನವನ್ನೇ ಒತ್ತೆಯಿಟ್ಟು ಸಾಲ ಮಾಡಬೇಕಾಯಿತು.

1639ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸೇನಾಧಿಕಾರಿಯೊಬ್ಬ ಪಟ್ಟಣವನ್ನು ಮುತ್ತಿ, ಅಳಿದುಳಿದ ಜನರಿಂದ 30,000 ಥಾಲರುಗಳ ಕಪ್ಪವನ್ನು ಕೇಳಿದ. ರಿಂಕಾರ್ಟ್ ಸ್ವತಃ ಶಿಬಿರಕ್ಕೆ ಹೋಗಿ ಬೇಡಿಕೊಂಡರೂ ಅದು ಫಲಿಸಲಿಲ್ಲ. ಹಿಂದಿರುಗಿದ ಈತ, ಮನುಷ್ಯರಲ್ಲಿ ಕರುಣೆ ಸಿಕ್ಕದಿರುವಾಗ ದೇವರನ್ನೇ ಮರೆಹೋಗೋಣವೆಂದು ಜನರನ್ನು ಕರೆದ, ಗಂಟೆ ಮೊಳಗಿತು, ಸಭೆ ಮೊಣಕಾಲೂರಿ ಆಪತ್ಕಾಲದ ಗೀತೆಯೊಂದನ್ನು ಹಾಡಿ, ಕರ್ತನ ಪ್ರಾರ್ಥನೆಯನ್ನು ಹೇಳಿತು. ಇದನ್ನು ಕಂಡು ಸೇನಾಧಿಕಾರಿಯ ಮನಸ್ಸು ಕರಗಿ, ಕಪ್ಪವು ಮೊದಲು 8,000 ಥಾಲರುಗಳಿಗೂ ಕೊನೆಗೆ 2,000 ಫ್ಲಾರಿನುಗಳಿಗೂ ಇಳಿಯಿತೆಂಬುದು ಪರಂಪರಾಗತವಾದ ಕಥನ. ಇಷ್ಟೆಲ್ಲ ಮಾಡಿದವನಿಗೆ ಊರಿನವರಿಂದ ಸಂದದ್ದು ತೆರಿಗೆಗಳ ಕಿರುಕುಳವೇ ಹೆಚ್ಚು. 1648ರ ಅಕ್ಟೋಬರಿನಲ್ಲಿ ವೆಸ್ಟ್‌ಫೇಲಿಯದ ಶಾಂತಿಸಂಧಿ ಏರ್ಪಟ್ಟಿತು; ಅದನ್ನು ಕಂಡು ಒಂದು ವರ್ಷ ಕಳೆದಮೇಲೆ, 1649ರ ಡಿಸೆಂಬರ್ 8ರಂದು, ಅಕಾಲವಾರ್ಧಕ್ಯದಿಂದ ಬಳಲಿದ್ದ ರಿಂಕಾರ್ಟ್ ಕಾಲವಶನಾದ.

ಈತನ ಕೀರ್ತಿಗೆ ಮುಖ್ಯ ಕಾರಣವಾದ ಗೀತೆ ಆ ಶಾಂತಿಸಂಧಿಯ ಸಂತೋಷದಲ್ಲಿ ಹುಟ್ಟಿತೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಬರ್ಲಿನ್ನಿನ ಸಂಗೀತಜ್ಞ ಯೋಹಾನ್ ಕ್ರ್ಯೂಗರ್ ಸಂಕಲಿಸಿದ 1647ರ ಗೀತಸಂಪುಟದಲ್ಲಿಯೇ ಅದು ಸ್ವರಸಹಿತವಾಗಿ ಅಚ್ಚಾಗಿರುವುದರಿಂದ ಆ ನಂಬಿಕೆ ನಿಲ್ಲುವುದಿಲ್ಲ. ರಿಂಕಾರ್ಟನ 1636ರ ಭಕ್ತಿಗ್ರಂಥವೊಂದರಲ್ಲಿ ಅದು ಮೊದಲು ಬಂದಿತೆಂದು ವಿದ್ವಾಂಸರು ಊಹಿಸುತ್ತಾರೆ. ಆ ಗ್ರಂಥದ 1663ರ ಮುದ್ರಣದಲ್ಲಿ ಅದಕ್ಕಿರುವ ಶೀರ್ಷಿಕೆ ಊಟದ ಹೊತ್ತಿನ ಕಿರುಪ್ರಾರ್ಥನೆ ಎಂಬರ್ಥದ್ದು. ಊಹೆ ಸರಿಯಾದಲ್ಲಿ, ದುರಂತದ ವರ್ಷಕ್ಕಿಂತ ಮುಂಚೆಯೇ ಆ ಗೃಹಸ್ಥನ ಮನೆಯಲ್ಲಿ ಮಕ್ಕಳು ರೊಟ್ಟಿಯ ಮುಂದೆ ಕೈಜೋಡಿಸಿ ಹೇಳುತ್ತಿದ್ದ ಮಾತುಗಳೇ, ತಾಯಿಯಿಲ್ಲದ ಮೇಜಿನ ಸುತ್ತ, ರೊಟ್ಟಿಯೇ ವಿರಳವಾದ ದಿನಗಳಲ್ಲಿಯೂ ಅವರ ಬಾಯಲ್ಲಿ ಉಳಿದಿದ್ದುವೆಂದು ಭಾವಿಸಲು ಅವಕಾಶವುಂಟು.

ಗೀತೆಯಲ್ಲಿ ಮೂರು ಚರಣಗಳಿವೆ. ಮೊದಲೆರಡಕ್ಕೆ ಸಿರಾಕನ ಜ್ಞಾನಗ್ರಂಥದ 50ನೆಯ ಅಧ್ಯಾಯವು ಆಧಾರ. ಮೂರನೆಯದು ತ್ರೈಯೇಕ ದೇವರ ಮಹಿಮೆಯ ಸ್ತುತಿ. ತಾಯಿಯ ತೋಳಿನಲ್ಲಿದ್ದಂದಿನಿಂದ ಪಡೆದ ಉಪಕಾರಗಳನ್ನು ಸ್ಮರಿಸಿದ ಕವಿ, ಎರಡನೆಯ ಚರಣದಲ್ಲಿ ಹರ್ಷಚಿತ್ತವನ್ನೂ ಶಾಂತಿಯನ್ನೂ ಕೇಳಿಕೊಂಡು, ಇಹಪರಗಳೆರಡರ ಸಂಕಟದಿಂದಲೂ ಬಿಡಿಸೆಂದು ಬೇಡುತ್ತಾನೆ. ಸಂಕಟವಿಲ್ಲವೆಂಬ ಸೋಗು ಅಲ್ಲಿ ಎಲ್ಲಿಯೂ ಇಲ್ಲ. ಸತ್ಯವೇದದ ಪರಂಪರೆಯೂ ಇದೇ ತೆರನಾದುದು: ಯೋಬನು ತನ್ನ ದುಃಖವನ್ನು ದೇವರೆದುರಿನಲ್ಲಿ ಮುಚ್ಚಿಡುವುದಿಲ್ಲ, ಕೀರ್ತನೆಗಳಲ್ಲಿ ಪ್ರಲಾಪವೂ ಸ್ತುತಿಯೂ ಒಂದೇ ಉಸಿರಿನಲ್ಲಿ ಬರುತ್ತವೆ, ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಪತ್ರ ಬರೆದ ಪೌಲನು, ಕೃತಜ್ಞತೆಯೊಡನೆ ಬಿನ್ನಹ ಮಾಡಿಕೊಳ್ಳಿರೆಂದು ಮೊದಲು ಹೇಳಿ, ಬುದ್ಧಿಗೆ ನಿಲುಕದ ಶಾಂತಿಯ ಮಾತನ್ನು ಆಮೇಲೆ ಆಡುತ್ತಾನೆ. ರಿಂಕಾರ್ಟನ ಬಾಳಿನಲ್ಲಿ ಈ ಕ್ರಮ ಅಕ್ಷರಶಃ ಕಾಣುತ್ತದೆ. ಆತನ ಶಾಂತಿ ಕೇವಲ ಮನಸ್ಸಿನೊಳಗಿನ ಸಮಾಧಾನವಾಗಿಯೂ ಉಳಿಯಲಿಲ್ಲ. ಶವಗಳನ್ನು ಹೂಳಿಸಿತು, ಧಾನ್ಯವನ್ನು ಹಂಚಿಸಿತು, ಶತ್ರುವಿನ ಶಿಬಿರಕ್ಕೆ ನಡೆಸಿತು.

ಬಾಲಕ ರಿಂಕಾರ್ಟ್ ಓದಿದ ಶಾಲೆಯಲ್ಲಿಯೇ ಮುಂದೆ ಗಾಯನಾಚಾರ್ಯನಾದ ಯೋಹಾನ್ ಸೆಬಾಸ್ಟಿಯನ್ ಬಾಖ್ ಈ ಗೀತೆಯನ್ನು ತನ್ನ ಕೃತಿಗಳಲ್ಲಿ ಅಳವಡಿಸಿದ. 1840ರಲ್ಲಿ ಮೆಂಡೆಲ್‌ಸೋನ್ ತನ್ನ ‘ಸ್ತುತಿಗೀತ’ ಸಿಂಫನಿಯಲ್ಲಿ ಬಳಸಿಕೊಂಡ. ಕ್ಯಾಥರೀನ್ ವಿಂಕ್‌ವರ್ತ್ ಮಾಡಿದ ಇಂಗ್ಲಿಷ್ ಅನುವಾದ ಗೀತೆಯನ್ನು ಜಗತ್ತಿನಾದ್ಯಂತ ಹಬ್ಬಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮೂಲಕ ಜರ್ಮನ್ ಸಭಾಗೀತೆಗಳ ಇದೇ ಪರಂಪರೆ ಕನ್ನಡ ಸಭೆಗಳ ಆರಾಧನೆಗೂ ಪ್ರವೇಶಿಸಿತು.

ಜನಪ್ರಿಯತೆಯೊಡನೆ ದುರುಪಯೋಗವೂ ಬಂದಿತೆಂಬುದನ್ನು ಇಲ್ಲಿ ಹೇಳಲೇಬೇಕು. 1757ರಲ್ಲಿ ಲಾಯ್ಟನ್ ಕದನದಲ್ಲಿ ಗೆದ್ದ ಪ್ರಷ್ಯದ ಸೈನಿಕರು ರಣಾಂಗಣದಲ್ಲಿ ಅದನ್ನು ಹಾಡಿದರೆಂದು ಪ್ರಸಿದ್ಧಿಯಿದೆ. ಅಂದಿನಿಂದ ಅದು ವಿಜಯಗೀತೆಯೆಂಬ ಹೆಸರನ್ನು ಪಡೆಯಿತು. 1914ರ ಆಗಸ್ಟಿನಲ್ಲಿ ಮಹಾಯುದ್ಧ ಘೋಷಣೆಯಾದಾಗ ಬರ್ಲಿನ್ ಅರಮನೆಯ ಮುಂದೆ ನೆರೆದ ಜನಸ್ತೋಮವೂ ಅದನ್ನೇ ಹಾಡಿತು. 1955ರ ಅಕ್ಟೋಬರಿನಲ್ಲಾದರೋ, ಸೋವಿಯತ್ ಸೆರೆಯಿಂದ ಬಿಡುಗಡೆಯಾಗಿ ಫ್ರೀಡ್‌ಲಾಂಡ್ ಶಿಬಿರಕ್ಕೆ ಹಿಂದಿರುಗಿದ, ಎರಡನೆಯ ಮಹಾಯುದ್ಧದ ಜರ್ಮನ್ ಯುದ್ಧಕೈದಿಗಳು, ಹತ್ತು ವರ್ಷಗಳ ಕಾಲ ತಮಗಾಗಿ ಕಾದಿದ್ದವರ ನಡುವೆ ನಿಂತು ಅದೇ ಗೀತೆಯನ್ನು ಹಾಡಿದರು. ಸೇನಾಧಿಕಾರಿಯ ಮುಂದೆ ಕೈಯೊಡ್ಡಿ ನಿಂತಿದ್ದ ಸಭಾಪಾಲಕನ ರಚನೆಯನ್ನು ಗೆದ್ದ ಸೇನೆಗಳು ತಮ್ಮದೆಂದುಕೊಂಡದ್ದಕ್ಕಿಂತ, ಸರ್ವಸ್ವವನ್ನೂ ಕಳೆದುಕೊಂಡು ಉಳಿದುಬಂದವರು ಅದನ್ನು ಹಾಡಿದ್ದೇ ಅದರ ಹುಟ್ಟಿಗೂ ಅರ್ಥಕ್ಕೂ ಹೆಚ್ಚು ಸಮೀಪವಾದುದು.